ಮೀನಿಗಿಂತ ಮೊದಲು ಬಸವನಹುಳ

ತಮ್ಮಾ,

ಮೊನ್ನೆ ನೀನು ಸೈಕಲ್ಲು ಕಟ್ಟೆಗೆ ಆನಿಸಿದವನೇ ಚಪ್ಪಲಿ ಕಳಚುವ ಮೊದಲು ಮೊಬೈಲು ನನ್ನ ಕಣ್ಣಿಗೆ ಹಿಡಿದೆ. "ಮುತ್ಯಾ, ನೋಡ್ರಿ ಇಲ್ಲಿ, ಚಂಡಿನಂಗ ಉಬ್ಬತದ!" ಅಂದೆ. ನೋಡಿದೆ. ಯಾರದೋ ಅಂಗೈಯಲ್ಲಿ ಒಂದು ಪಫರ್ ಮೀನು ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು, ಸುತ್ತ ನಗುವಿನ ಸದ್ದು. ಬರುವ ಐತವಾರ ಮಾಮನ ಸಂಗಡ ಹೈದರಾಬಾದಿಗೆ ಹೋಗುವವನಿದ್ದೀ, ಬರುವಾಗ ಅಂಥವು ಎರಡು ತರುವವನಿದ್ದೀ, ಗಾಜಿನ ತೊಟ್ಟಿಗೆ ದುಡ್ಡೂ ಕೂಡಿಸಿಟ್ಟಿದ್ದೀ. ಅಂದು ನಾನು ಹೂಂ ಅಂದೆ, ಅಷ್ಟೇ. ಹೇಳುವುದು ಬಹಳ ಇತ್ತು, ನಿನಗೆ ಟ್ಯೂಷನ್ನಿಗೆ ಹೊತ್ತಾಗಿತ್ತು. ಅದಕ್ಕೇ ಈ ಕಾಗದ.

ಈ ಐತವಾರ ಮೀನು ತರಬೇಡ. ಹೈದರಾಬಾದಿಗೆ ಹೋಗು, ಬಿರಿಯಾನಿ ತಿನ್ನು, ತೊಟ್ಟಿ ಬೇಕಾದರೆ ತಾ. ಮೀನಿಗೆ ಇನ್ನೂ ಎರಡು ತಿಂಗಳು ತಡಿ. ಮುದುಕರು ಎಲ್ಲದಕ್ಕೂ ತಡಿ ಅಂತಾರೆ ಅಂದುಕೊಳ್ಳಬೇಡ. ತಡೆಯದೇ ನಾನು ಮಾಡಿದ್ದನ್ನು ಕೇಳು.

1990ರ ದಶಕದ ಮಾತು. ಆಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ. ಹೈದರಾಬಾದಿನ ಒಂದು ಅಂಗಡಿಯಲ್ಲಿ ಹಸಿರು ಹಳದಿ ಬೆನ್ನಿನ ಮೇಲೆ ಕರಿ ಚುಕ್ಕೆ, ಹಾಲಿನಂಥ ಬಿಳಿ ಹೊಟ್ಟೆಯ ಮೀನು ಕಂಡೆ. ಗಾಜಿನ ಹತ್ತಿರ ಹೋದರೆ ಅದೂ ಹತ್ತಿರ ಬಂತು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಕಣ್ಣು ಅಂಗಡಿಯವನ ಮೇಲೆ. ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸುವ ಕಣ್ಣು ಅದರದು. ನಾನು ಸೋತೆ. "ಸಿಹಿನೀರಿನ ಮೀನು ಸಾರ್, ಏನು ಹಾಕಿದರೂ ತಿಂತದ" ಅಂದ. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಸುರಪುರದ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದೆ.

ಎರಡು ಮಾತೂ ಸುಳ್ಳಾಗಿದ್ದವು. ಆ ಚುಕ್ಕೆ ಪಫರು ನದಿ ಸಮುದ್ರ ಸೇರುವ ಕಡೆ, ಅರೆ ಉಪ್ಪಿನ ನೀರಲ್ಲಿ ಬದುಕುವ ಜೀವ. ಮರಿಯಿದ್ದಾಗ ಸಿಹಿನೀರನ್ನು ಸಹಿಸುತ್ತದೆ, ಬೆಳೆಯುತ್ತ ಉಪ್ಪು ಬೇಡುತ್ತದೆ, ಬೆಳೆದರೆ ಗೇಣುದ್ದದ ಹತ್ತಿರ ಬರುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಒಬ್ಬ ಹುಡುಗ ಎದ್ದು ನಿಂತು, "ಸರ, ಸವಳು ನೀರು ನಮ್ಮ ಬೋರಿನಾಗೇ ಬರ್ತದಲ್ರಿ" ಅಂದಿದ್ದ. ಇಡೀ ಕ್ಲಾಸು ನಕ್ಕಿತು. ನಮ್ಮ ಸವಳೇ ಬೇರೆ, ಸಮುದ್ರದ ಉಪ್ಪೇ ಬೇರೆ. ಅಡಿಗೆ ಉಪ್ಪು ಹಾಕಿದರೂ ಆಗುವುದಿಲ್ಲ. ಅದಕ್ಕೆಂದೇ ಸಮುದ್ರದ ಉಪ್ಪಿನ ಪುಡಿ ಬರುತ್ತದೆ, ಅಳೆಯುವ ಮಾಪಕ ಬೇಕು, ನೀರು ಬದಲಿಸಿದಾಗಲೆಲ್ಲ ಅಳೆದು ಬೆರೆಸಬೇಕು. ಸುರಪುರದಲ್ಲಿ ಕೂತು ನೀನು ಇದನ್ನು ಮಾಡಲಾರೆ. ಆದ್ದರಿಂದ ಚುಕ್ಕೆಯ ದೊಡ್ಡ ಪಫರಿಗೆ ಕೈ ಹಾಕಬೇಡ, ಎಷ್ಟೇ ಚಂದ ಕಾಣಲಿ.

ಉಪ್ಪಿಗಿಂತ ಮೊದಲೇ ನನ್ನ ಮೀನನ್ನು ಕೊಂದದ್ದು ಊಟ. ಆಗ ಆ ಮೀನಿನ ಕುಲದ ಹೆಸರು ಟೆಟ್ರಾಡಾನ್ ಅಂತಿತ್ತು. ಗ್ರೀಕಿನಲ್ಲಿ ನಾಲ್ಕು ಹಲ್ಲು ಅಂತ ಅರ್ಥ. ಮೇಲೆರಡು, ಕೆಳಗೆರಡು, ಕೂಡಿಕೊಂಡು ಗಿಣಿಯ ಕೊಕ್ಕಿನಂತೆ ಕಾಣುತ್ತವೆ. ನಮ್ಮ ಉಗುರಿನ ಹಾಗೆ ಅವು ಸಾಯುವತನಕ ಬೆಳೆಯುತ್ತವೆ. ಬಸವನಹುಳದ ಚಿಪ್ಪು, ಸೀಗಡಿಯ ಸಿಪ್ಪೆ ಕಡಿದು ಕಡಿದು ಸವೆಯಬೇಕು. ಹೆಸರಿನ ಅರ್ಥವನ್ನು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಹೇಳುವ ನಾನು, ಮನೆಗೆ ಬಂದು ಆ ಮೀನಿಗೆ ಏನು ಹಾಕುತ್ತಿದ್ದೆ ಗೊತ್ತೇ? ನೆನೆಸಿದ ಗುಳಿಗೆ, ಬೇಯಿಸಿದ ತತ್ತಿಯ ಬಿಳಿ, ಒಮ್ಮೊಮ್ಮೆ ಚುರಮುರಿ. ಬಹಳಷ್ಟನ್ನು ಅದು ಮೂಸಿ ಬಿಡುತ್ತಿತ್ತು, ಹಸಿವು ತಡೆಯದಾದಾಗ ಮೆತ್ತಗಿನದನ್ನು ನುಂಗುತ್ತಿತ್ತು. ಆರು ತಿಂಗಳಾಗುವ ಹೊತ್ತಿಗೆ ಕೊಕ್ಕು ತುಟಿ ದಾಟಿ ಹೊರಗೆ ಬಂತು. ಕಡೆಕಡೆಗೆ ಮೀನು ತುಣುಕಿನ ಹತ್ತಿರ ಬರುತ್ತಿತ್ತು, ಒಮ್ಮೆ ಕಚ್ಚುತ್ತಿತ್ತು, ಹಿಡಿಯಲಾಗದೆ ಹಿಂದೆ ಸರಿಯುತ್ತಿತ್ತು, ಮತ್ತೆ ಬರುತ್ತಿತ್ತು. "ಹೊಟ್ಟಿ ತುಂಬ್ಯದ, ಆಟ ಆಡ್ಲಿಕತ್ಯದ" ಅಂದೆ ನಾನು. ನಿಮ್ಮ ಆಯಿ ಅಡಿಗೆ ಮನೆಯಿಂದ ಬಂದು ಒಂದು ಗಳಿಗೆ ನಿಂತು ನೋಡಿ, "ಅದಕ ಬಾಯಿ ತೆರಿಯಾಕ ಬರವಲ್ದು" ಅಂದಳು. ಅವಳು ವಿಜ್ಞಾನ ಓದಿದವಳಲ್ಲ. ತುಂಬಿದ ತಾಟಿನ ಮುಂದೆ ಕೂತು ಉಪವಾಸ ಸತ್ತ ಜೀವ ಅದು.

ಆ ಕೊಕ್ಕನ್ನು ಕತ್ತರಿಸುವವರಿದ್ದಾರೆ. ಮೀನಿಗೆ ಮಂಪರು ಬರಿಸಿ ಬಲ್ಲವರು ಮಾಡುವ ಕೆಲಸ. ಮೊಬೈಲಿನಲ್ಲಿ ನೋಡಿ ಉಗುರು ಕತ್ತರಿ ಹಿಡಿದು ಕೂಡಬೇಡ.

ನಿನಗೆ ಒಪ್ಪುವುದು ಚಿಕ್ಕದು. ಬಟಾಣಿ ಪಫರ್ ಅಂತ ಮಾರುತ್ತಾರೆ. ಪೂರ್ತಿ ಬೆಳೆದರೂ ಒಂದು ಇಂಚಿನ ಆಚೆ ಈಚೆ. ಜನ್ಮವೆಲ್ಲ ಸಿಹಿನೀರಲ್ಲೇ ಕಳೆಯುತ್ತದೆ. ಇದು ಹೊರದೇಶದ್ದು ಅಂದುಕೊಂಡಿದ್ದೀ ನೀನು, ಅಲ್ಲ. ನಿಮ್ಮ ಕಾಕಾ ವರ್ಷವರ್ಷ ಮಾಲೆ ಹಾಕಿಕೊಂಡು ಶಬರಿಮಲೆಗೆ ಹೋಗುತ್ತಾನಲ್ಲ, ಅವನು ಮುಳುಗು ಹಾಕುವ ಪಂಪಾ ನದಿಯ ಮೀನು. ಅಲ್ಲಿ ಸಿಕ್ಕ ಮೀನನ್ನು ನೋಡಿ 1941ರಲ್ಲಿ ಸುಂದರಲಾಲ್ ಹೋರಾ ಮತ್ತು ನಾಯರ್ ಅನ್ನುವ ಇಬ್ಬರು ಪ್ರಾಣಿಶಾಸ್ತ್ರಜ್ಞರು ತಿರುವಾಂಕೂರಿನ ಹೆಸರನ್ನೇ ಅದಕ್ಕೆ ಸೇರಿಸಿ ಲೋಕಕ್ಕೆ ಪರಿಚಯಿಸಿದರು. ಪಶ್ಚಿಮ ಘಟ್ಟದಿಂದ ಇಳಿಯುವ ಕೇರಳದ ಹೊಳೆಗಳು, ನಮ್ಮ ರಾಜ್ಯದ ತೆಂಕಣ ಅಂಚು, ಇಷ್ಟೇ ಅದರ ಸೀಮೆ. ಬೇರೆಲ್ಲೂ ಇಲ್ಲ.

ಅಷ್ಟು ಸಣ್ಣ ಸೀಮೆಯಿಂದ ಎಷ್ಟು ಹೋಯಿತು ಅಂತ ಕೇಳು. 2005ರಿಂದ 2012ರ ನಡುವೆ ಅಳಿವಿನ ಭಯದಲ್ಲಿರುವ 30 ಜಾತಿಯ ಸಿಹಿನೀರು ಮೀನುಗಳು ಭಾರತದಿಂದ ಹೊರದೇಶದ ಗಾಜಿನ ತೊಟ್ಟಿಗಳಿಗೆ ಹೋದವು, ಒಟ್ಟು 15 ಲಕ್ಷಕ್ಕೂ ಮೇಲೆ. ಅದರಲ್ಲಿ ದೊಡ್ಡ ಪಾಲು ಪಡೆದ ಮೂರರಲ್ಲಿ ಇದೂ ಒಂದು. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದು ಅಪಾಯದ ಅಂಚಿನ ಜೀವ. ಅದಕ್ಕೇ ಅಂಗಡಿಯಲ್ಲಿ ಕೇಳು: ಹೊಳೆಯಲ್ಲಿ ಹಿಡಿದದ್ದೋ, ತೊಟ್ಟಿಯಲ್ಲಿ ಮರಿ ಮಾಡಿಸಿದ್ದೋ? ಮರಿ ಮಾಡಿಸುವವರು ಈಗ ಇದ್ದಾರೆ. ಉತ್ತರ ತಡವರಿಸಿದರೆ ಬರಿಗೈಲಿ ಬಾ. ಮರಿ ಮಾಡಿಸಿದ್ದನ್ನು ತಂದರೆ ಇನ್ನೊಂದು ಲಾಭವೂ ಇದೆ: ಹೊಳೆಯಲ್ಲಿ ಹಿಡಿದವು ಬಹಳಷ್ಟು ಸಲ ಹೊಟ್ಟೆಹುಳ ಹೊತ್ತುಕೊಂಡೇ ಬರುತ್ತವೆ, ಎಷ್ಟು ತಿಂದರೂ ಹೊಟ್ಟೆ ಒಳಗೆ ಸೇದಿರುತ್ತದೆ. ಮೇಲಿನಿಂದ ನೋಡು. ತಲೆ ದಪ್ಪ, ಹೊಟ್ಟೆ ಸಪುರ ಇದ್ದರೆ ಆ ಮೀನು ಬೇಡ.

ಈಗ ಎರಡು ತಿಂಗಳಲ್ಲಿ ಮಾಡುವ ಕೆಲಸ. ಮೊದಲ ತಿಂಗಳು ನೀರಿಗೆ.

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ತಗೋ. ಐವತ್ತು ಲೀಟರಿನ ಮೇಲೆ ಹಿಡಿಯುತ್ತದೆ, ಅಂದರೆ ಗಾಜು ಮರಳು ಎಲ್ಲ ಸೇರಿ ಒಬ್ಬ ಆಳಿನ ತೂಕ. ನಿನ್ನ ಪುಸ್ತಕದ ರ‍್ಯಾಕಿನ ಮೇಲೆ ಇಡಬೇಡ. ಒಳಕೋಣೆಯಲ್ಲಿ ಫರಸಿಯ ಕಟ್ಟೆ ಇದೆಯಲ್ಲ, ಅಲ್ಲಿಡು. ಬಿಸಿಲು ನೇರ ಬೀಳಬಾರದು. ಕಿಡಕಿಯ ಹತ್ತಿರ ಬೇಡ.

ನಮ್ಮ ಜಿಲ್ಲೆಯ ಬೋರಿನ ನೀರಿನ ಹಣೆಬರಹ ನಿನಗೆ ಗೊತ್ತಿದ್ದದ್ದೇ. ಫ್ಲೋರೈಡು ಎಷ್ಟೋ ಹಳ್ಳಿಗಳಲ್ಲಿ, ಕಿರದಳ್ಳಿ ತಾಂಡಾದಂಥ ಕಡೆ ಆರ್ಸೆನಿಕ್ಕು. ಮನುಷ್ಯರು ಕುಡಿಯಬಾರದು ಅಂತ ಬೋರ್ಡು ಬಿದ್ದ ನೀರನ್ನು ಮೀನಿಗೂ ಹಾಕಬೇಡ. ನಳದ ನೀರು, ಭೀಮೆಯದಿರಲಿ ಕೃಷ್ಣೆಯದಿರಲಿ, ಬ್ಲೀಚಿಂಗ್ ಪುಡಿ ಹಾಕಿ ಬಿಟ್ಟದ್ದು. ಬಕೆಟ್ಟಿನಲ್ಲಿ ತುಂಬಿ ಬಾಯಿ ತೆರೆದು ಒಂದು ದಿನ ಇಡು, ಆ ವಾಸನೆ ಹೋಗಲಿ. ಕ್ಯಾನಿನಲ್ಲಿ ತುಂಬಿಸಿ ತರುವ ಶುದ್ಧ ನೀರೇ ಒಳ್ಳೆಯದಲ್ಲವೇ ಅಂತ ನೀನು ಕೇಳುವವನೇ. ಬರೇ ಅದನ್ನೇ ಹಾಕಬೇಡ. ಅದರಲ್ಲಿ ಸುಣ್ಣದ ಅಂಶ ತೆಗೆದುಬಿಟ್ಟಿರುತ್ತಾರೆ, ಬಸವನಹುಳದ ಚಿಪ್ಪು ತೆಳ್ಳಗಾಗಿ ಬೆಳ್ಳಗೆ ತೂತು ಬೀಳುತ್ತದೆ. ನಮ್ಮ ಗಡಸು ನೀರನ್ನು ಬೈಯದವರಿಲ್ಲ, ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುತ್ತದೆ ಅಂತ. ಚಿಪ್ಪು ಕಟ್ಟುವ ಹುಳಕ್ಕೆ ಆ ಸುಣ್ಣವೇ ಬೇಕು.

ತೊಟ್ಟಿಯಲ್ಲಿ ನೀರು, ಮರಳು, ಒಂದಿಷ್ಟು ಗಿಡ, ಗಾಳಿ ಬಿಡುವ ಸ್ಪಂಜಿನ ಫಿಲ್ಟರು ಹಾಕಿ ಮೀನಿಲ್ಲದೆ ನಡೆಸು. ಯಾಕೆ? ಮೀನಿನ ಹೇಲು, ಉಳಿದ ಕೂಳು ಕೊಳೆತು ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಮಿತಿಯಲ್ಲಿದ್ದರೆ ನಡೆಯುತ್ತದೆ. ಈ ಎರಡೂ ಜೀವಿಗಳು ಸ್ಪಂಜಿನಲ್ಲಿ, ಮರಳಿನಲ್ಲಿ ಮನೆ ಮಾಡಲು ನಾಲ್ಕರಿಂದ ಆರು ವಾರ ಬೇಕು. ಬರೇ ನೀರಿಟ್ಟರೆ ಅವು ಹುಟ್ಟವು, ಅವಕ್ಕೂ ಉಣ್ಣಲು ಬೇಕಲ್ಲ. ಚಿಟಿಕೆ ಮೀನಿನ ಗುಳಿಗೆ ಹಾಕಿ ಕೊಳೆಯಲು ಬಿಡು. ಪರೀಕ್ಷೆಯ ಕಿಟ್ಟಿನಲ್ಲಿ ಮೊದಲೆರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ದಿನ ನೀರು ಹದಕ್ಕೆ ಬಂತು. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ಪೂರ್ತಿ ಚೆಲ್ಲಿ ತಿಕ್ಕಿ ತೊಳೆದೆಯೋ, ಕಟ್ಟಿದ ಮನೆಯನ್ನೇ ಕೆಡವಿದೆ.

ಇನ್ನು ಬಸವನಹುಳ. ಪಫರ್ ಸಾಕುವುದೆಂದರೆ ಅರ್ಧ ಕೆಲಸ ಇದೇ.

ಅಂಗಡಿಯ ಗುಳಿಗೆ, ಪದರು ಪದರಿನ ಆಹಾರ, ಇವನ್ನು ಬಟಾಣಿ ಪಫರು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಅಲುಗಾಡುವುದನ್ನು ಬೇಟೆಯಾಡುವ ಜೀವ. ಫ್ರಿಜ್ಜಿನಲ್ಲಿಟ್ಟ ಕೆಂಪು ಹುಳದ ಗಡ್ಡೆ ತಿನ್ನುತ್ತದೆ, ಎರೆಹುಳವನ್ನು ಸಣ್ಣಗೆ ಹೆಚ್ಚಿ ಕೊಟ್ಟರೆ ತಿನ್ನುತ್ತದೆ, ಸೊಳ್ಳೆಯ ಮರಿಯನ್ನಂತೂ ಹಬ್ಬದೂಟದ ಹಾಗೆ ತಿನ್ನುತ್ತದೆ. (ಹಿತ್ತಲಲ್ಲಿ ಸೊಳ್ಳೆ ಮರಿ ಬೆಳೆಸಲು ಡಬ್ಬಿ ಇಟ್ಟರೆ, ಲಾರ್ವಾ ನೋಡಲು ಬರುವ ಆಶಾ ಕಾರ್ಯಕರ್ತೆ ಅದನ್ನು ನಿನ್ನ ತಲೆಯ ಮೇಲೇ ಬೋರಲು ಹಾಕುತ್ತಾಳೆ. ಹಾಕಲೇಬೇಕು. ಡೆಂಗಿ ಹಬ್ಬಿಸಿ ಮೀನು ಸಾಕುವುದು ಬೇಡ.) ಆದರೆ ವಾರದ ನಿತ್ಯದ ಊಟ ಬಸವನಹುಳವೇ ಆಗಿರಲಿ.

ಶಹಾಪುರದ ನಾಗರಕೆರೆಯ ಅಂಚಿನಲ್ಲಿ, ನಾರಾಯಣಪುರ ಎಡದಂಡೆ ಕಾಲುವೆಯ ಹಾಸುಗಲ್ಲಿನಲ್ಲಿ, ಭತ್ತದ ಗದ್ದೆಯಲ್ಲಿ ಕೈ ಹಾಕಿದರೆ ಹುಳಕ್ಕೆ ಬರವಿಲ್ಲ. ಆದರೂ ಅಲ್ಲಿಂದ ತಂದು ನೇರ ತೊಟ್ಟಿಗೆ ಹಾಕಬೇಡ. ಗದ್ದೆಗೆ ಏನೇನು ಹೊಡೆಯುತ್ತಾರೆ ನೀನೇ ನೋಡಿದ್ದೀ. ಆ ವಿಷ ಹುಳದ ಮೈಯೊಳಗೆ ಕೂತಿರುತ್ತದೆ, ಅದನ್ನು ತಿಂದ ಒಂದಿಂಚಿನ ಮೀನು ಏನಾದೀತು? ಪಫರಿಗೆ ಮೈಮೇಲೆ ಸಾಮಾನ್ಯ ಮೀನಿನಂಥ ಪೊರೆ ಇಲ್ಲ, ಬರಿಮೈ. ಔಷಧ, ಅದರಲ್ಲೂ ತಾಮ್ರ ಬೆರೆತದ್ದು, ಅದಕ್ಕೆ ಬೇಗ ತಾಗುತ್ತದೆ. ನೀರಗಿಡ ಮಾರುವವರ ಹತ್ತಿರ ಕೇಳಿದರೆ ಹುಳ ಪುಕ್ಕಟೆ ಕೊಡುತ್ತಾರೆ, ಅವರಿಗದು ಪೀಡೆ. ಕಾಲುವೆಯದೇ ತಂದರೂ ಬೇರೆ ಬಾಟಲಿಯಲ್ಲಿ ಸಾಕು, ಅದು ತತ್ತಿಯಿಟ್ಟು ಹುಟ್ಟಿದ ಮರಿಗಳನ್ನು ಮಾತ್ರ ಮೀನಿಗೆ ಕೊಡು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳಿ.

ಎಂಥ ಹುಳ? ಜಿಲೇಬಿಯ ಸುತ್ತಿನ ಹಾಗೆ ಚಪ್ಪಟೆ ಸುರುಳಿಯದು ಒಳ್ಳೆಯದು, ನೀರಹನಿಯಂಥ ತೆಳುಚಿಪ್ಪಿನದೂ ಒಳ್ಳೆಯದು. ಮರಳಿನಲ್ಲಿ ಹುದುಗುವ, ಮೊಳೆಯ ಹಾಗೆ ಚೂಪಾದ ಗಟ್ಟಿ ಚಿಪ್ಪಿನದು ಬೇಡ. ಚಿಕ್ಕ ಪಫರಿಗೆ ಅದು ಒಡೆಯುವುದಿಲ್ಲ. ಜೋಳದ ಕಾಳಿನಷ್ಟು ದೊಡ್ಡದಿದ್ದರೆ ಸಾಕು. ಬಾಟಲಿಯ ಹುಳಕ್ಕೆ ಬೇಯಿಸಿದ ಪಾಲಕ, ಸೌತೆ, ಕುಂಬಳದ ಹೋಳು ಹಾಕು, ಚೆನ್ನಾಗಿ ತೊಳೆದು. ತತ್ತಿಯ ಸಿಪ್ಪೆ ಪುಡಿ ಮಾಡಿ ತಳಕ್ಕೆ ಬಿಡು. ಪುಂಡಿಪಲ್ಲೆ ನಮಗಿರಲಿ. ತಿಂಗಳೊಪ್ಪತ್ತಿನಲ್ಲಿ ಗಾಜಿಗೆ ಅಂಟಿದ ಅಂಟಂಟು ಹನಿಯೊಳಗೆ ಚುಕ್ಕೆ ಚುಕ್ಕೆ ಕಾಣುತ್ತವೆ, ಆಮೇಲೆ ಚುಕ್ಕೆಗೆ ಚಿಪ್ಪು ಬರುತ್ತದೆ. ಹುಳ ಹೆಚ್ಚಿದ ವೇಗ ನೋಡಿದರೆ ಎಷ್ಟು ಮೀನು ಸಾಕಬಲ್ಲೆ ಅನ್ನುವುದು ತಾನೇ ಗೊತ್ತಾಗುತ್ತದೆ. ಬಾಟಲಿಯ ಹುಳವನ್ನೇ ಒಂದು ತಿಂಗಳು ಬದುಕಿಸಲಾರದವನಿಗೆ ಮೀನು ಯಾಕೆ ಬೇಕು?

ಮೀನು ಬಂದ ಮೇಲೆ ಒಂದು ಹುಳ ಬಿಟ್ಟು, ಕುರ್ಚಿ ಎಳೆದುಕೊಂಡು ಕೂಡು. ನಿನ್ನ ಮೊಬೈಲಿನ ವಿಡಿಯೋಕ್ಕಿಂತ ಇದು ಚಂದ. ಮೀನು ತಕ್ಷಣ ಮೇಲೆ ಬೀಳುವುದಿಲ್ಲ. ಹೆಲಿಕಾಪ್ಟರಿನಂತೆ ಒಂದೇ ಜಾಗದಲ್ಲಿ ನಿಂತು, ಬಾಲ ಒಂದು ಬದಿಗೆ ಬಾಗಿಸಿ, ಎರಡೂ ಕಣ್ಣು ಹುಳದ ಮೇಲೆ ತಂದು ನೆಡುತ್ತದೆ. ಹುಳ ಚಿಪ್ಪಿನೊಳಗೆ ಸೇರಿದರೆ ಕಾಯುತ್ತದೆ. ಹುಳದ ಎರಡು ಮೀಸೆ ಹೊರಗೆ ಬಂದವೋ, ಟಕ್. ಚಿಕ್ಕದಾದರೆ ಚಿಪ್ಪು ಸಮೇತ, ದೊಡ್ಡದಾದರೆ ಮೈಯನ್ನಷ್ಟೇ ಕಿತ್ತು ತಿನ್ನುತ್ತದೆ. ವಾರ ಕಳೆದರೆ ಮರಳ ಮೇಲೆ ಖಾಲಿ ಚಿಪ್ಪುಗಳ ಸಂತೆ. ಬೋನಾಳ ಕೆರೆಗೆ ಹಕ್ಕಿ ನೋಡಲು ಹೋಗುತ್ತೇವಲ್ಲ, ಬಾಯ್ಕಳಕ ಅನ್ನುವ ಕೊಕ್ಕರೆಗೂ ಬಸವನಹುಳವೇ ಊಟ. ಅದಕ್ಕೆ ಕೊಕ್ಕಿನ ನಡುವೆ ಸಂದು ಬಿಟ್ಟ ದೇವರು ಇದಕ್ಕೆ ಹಲ್ಲುಗಳನ್ನೇ ಕೂಡಿಸಿ ಕೊಕ್ಕು ಮಾಡಿದ್ದಾನೆ. ಇದನ್ನು ಕ್ಲಾಸಿನಲ್ಲಿ ಹೇಳಿದರೆ ನಿಮ್ಮ ಜೀವಶಾಸ್ತ್ರದ ಮೇಡಂ ದೇವರ ಬದಲು ವಿಕಾಸ ಅಂತ ತಿದ್ದುತ್ತಾರೆ, ತಿದ್ದಲಿ.

ಎಷ್ಟು ಹಾಕಬೇಕು? ದಿನಕ್ಕೆ ಒಂದು ಮೀನಿಗೆ ಎರಡು ಮೂರು ಸಣ್ಣ ಹುಳ, ಇಲ್ಲವೇ ಚಿಟಿಕೆ ಕೆಂಪು ಹುಳ. ಹೊಟ್ಟೆ ತುಸು ದುಂಡಗಾದರೆ ನಿಲ್ಲಿಸು. ಕಾಲುವೆಗೆ ವಾರಬಂದಿ ಇಲ್ಲವೇ? ಇಷ್ಟು ದಿನ ನೀರು, ಇಷ್ಟು ದಿನ ಬಂದ್. ಮೀನಿಗೂ ವಾರಕ್ಕೊಂದು ದಿನ ಗೇಟು ಇಳಿಸು, ಏನೂ ಹಾಕಬೇಡ. ಆ ದಿನ ಅದು ಗಾಜಿಗೆ ಮೂತಿ ಹಚ್ಚಿ ನಿನ್ನನ್ನೇ ನೋಡುತ್ತ ಮೇಲೆ ಕೆಳಗೆ ಓಡಾಡುತ್ತದೆ, ಜಾತ್ರೆಯಲ್ಲಿ ಮಿಠಾಯಿ ಅಂಗಡಿ ಮುಂದೆ ನಿಂತ ಕೂಸಿನ ಹಾಗೆ. ಕರಗಬೇಡ. ಉಳಿದ ಕೂಳು ತಳದಲ್ಲಿ ಕೊಳೆತರೆ ಮತ್ತೆ ಅದೇ ಅಮೋನಿಯಾ. ಸಾಕಿದ ಮೀನು ಹಸಿವಿನಿಂದ ಸಾಯುವುದಕ್ಕಿಂತ ಪ್ರೀತಿಯ ಅತಿಯೂಟದಿಂದ ಸಾಯುವುದೇ ಹೆಚ್ಚು. ನನ್ನದು ಮಾತ್ರ ಉಲ್ಟಾ ಆಯಿತು.

ಜೊತೆಗೆ ಬಣ್ಣದ ಮೀನು ಬಿಡಬೇಡ. ಗೋಲ್ಡ್‌ಫಿಶ್ಶಿನ ಸೆರಗಿನಂಥ ಬಾಲವನ್ನು ಇದು ಒಂದು ರಾತ್ರಿಯಲ್ಲಿ ಚಿಂದಿ ಮಾಡುತ್ತದೆ. ಗಾತ್ರ ನೋಡಿ ಮೋಸ ಹೋಗಬೇಡ, ಮೆಣಸಿನಕಾಯಿಯಲ್ಲೂ ಸಣ್ಣದೇ ಖಾರ. ತನ್ನ ಕುಲದವರ ಜೊತೆಗೂ ಜಗಳವೇ. ಗಂಡು ಗಂಡಿಗೆ ಆಗುವುದಿಲ್ಲ. ಹೊಟ್ಟೆಯ ನಡುವೆ ಕಪ್ಪು ಗೆರೆ, ಕಣ್ಣಿನ ಹಿಂದೆ ಸುಕ್ಕು ಇದ್ದರೆ ಗಂಡು. ನಿನ್ನ ತೊಟ್ಟಿಗೆ ಒಂದು ಗಂಡು, ಎರಡು ಹೆಣ್ಣು ಸಾಕು, ಒಬ್ಬರ ಕಣ್ಣಿಗೆ ಒಬ್ಬರು ಬೀಳದಷ್ಟು ಗಿಡ ಇರಲಿ. ಮರಿ ಇದ್ದಾಗ ಗಂಡು ಹೆಣ್ಣು ತಿಳಿಯುವುದಿಲ್ಲ, ಹಾಗಿದ್ದರೆ ಒಂದರಿಂದಲೇ ಸುರುಮಾಡು. ಒಂಟಿ ಅಂತ ಅದು ಅಳುವುದಿಲ್ಲ. ಒಮ್ಮೊಮ್ಮೆ ಎಲೆಯ ಮೇಲೋ ಮರಳಿನ ಮೇಲೋ ಬಾಲ ಮಡಚಿ ಮಲಗಿರುತ್ತದೆ, ಶಹಾಪುರದ ಗುಡ್ಡದಲ್ಲಿ ಮಲಗಿದ ಬುದ್ಧನ ಹಾಗೆ. ಸತ್ತಿತು ಅಂತ ಬಲೆ ಹಾಕಿ ಎತ್ತಬೇಡ.

ಆ ಉಬ್ಬುವ ಮಾತಿಗೆ ಈಗ ಬರುತ್ತೇನೆ. ಬರೆಯಲು ನಾಚಿಕೆ, ಅದಕ್ಕೇ ಇಷ್ಟು ಹೊತ್ತು ಮುಂದೂಡಿದೆ.

ಅದೇ ಚುಕ್ಕೆ ಮೀನು ಬಂದ ವರ್ಷದ ಯುಗಾದಿ. ಮನೆ ತುಂಬ ಬೀಗರು. ಬೇವು ಕುಡಿದು ಕೂತವರ ಮುಂದೆ ನನ್ನ ದೊಡ್ಡಸ್ತಿಕೆ ತೋರಿಸಬೇಕಿತ್ತು. ಬಲೆಯಲ್ಲಿ ಮೀನನ್ನು ಮೇಲೆತ್ತಿ, ಹೊಟ್ಟೆಗೆ ಬೆರಳಿನಿಂದ ಕೆಣಕಿದೆ. ಉಬ್ಬಿತು. ಎಲ್ಲರೂ ಚಪ್ಪಾಳೆ ಹೊಡೆದರು, ಕೂಸುಗಳು ಕಿರುಚಿದವು. ನೀರಿಗೆ ಬಿಟ್ಟೆ, ಅದು ಮುಳುಗಲಿಲ್ಲ. ಹೊಟ್ಟೆ ಮೇಲಾಗಿ ಬೆಂಡಿನ ಹಾಗೆ ತೇಲಿತು, ಪುಟ್ಟ ರೆಕ್ಕೆಗಳು ಗಾಳಿಯಲ್ಲಿ ಬಡಿದುಕೊಳ್ಳುತ್ತಿದ್ದವು. ಪಫರು ಉಬ್ಬುವುದು ನೀರು ಕುಡಿದು, ತನ್ನನ್ನು ನುಂಗಲು ಬಂದವನ ಬಾಯಿಗೆ ಹಿಡಿಸದಿರಲಿ ಅಂತ, ಬೇರೆ ದಾರಿಯೇ ಇಲ್ಲದಾಗ. ನಾನು ಗಾಳಿಯಲ್ಲಿ ಎತ್ತಿ ಹಿಡಿದಿದ್ದರಿಂದ ಅದು ಗಾಳಿಯನ್ನೇ ನುಂಗಿತ್ತು. ಆ ಗಾಳಿಯನ್ನು ಹೊರಗೆ ಹಾಕುವುದು ಅದಕ್ಕೆ ಸುಲಭವಲ್ಲ. ಕೈಯನ್ನು ನೀರೊಳಗೆ ಇಳಿಸಿ, ಮೂತಿ ಮೇಲಕ್ಕೆ ಬರುವಂತೆ ಮೆತ್ತಗೆ ಹಿಡಿದು ಎಷ್ಟೋ ಹೊತ್ತು ನಿಂತೆ. ಗುಳ್ಳೆ ಗುಳ್ಳೆಯಾಗಿ ಗಾಳಿ ಹೋಯಿತು. ಬೀಗರು ಆಗಲೇ ಹೋಳಿಗೆಗೆ ಎದ್ದು ಹೋಗಿದ್ದರು.

ನೀನು ತೋರಿಸಿದ ವಿಡಿಯೋದಲ್ಲಿ ಅಂಗೈ ಮೇಲಿದ್ದ ಮೀನು ಏನು ಮಾಡುತ್ತಿತ್ತು ಅಂತ ಈಗ ಇನ್ನೊಮ್ಮೆ ನೋಡು.

ನಿನ್ನ ಮೀನನ್ನು ಎಂದೂ ಬಲೆಯಲ್ಲಿ ಎತ್ತಬೇಡ, ಲೋಟದಲ್ಲಿ ನೀರು ಸಮೇತ ಮೊಗಿ. ಪಫರುಗಳ ಮೈಯಲ್ಲಿ ಟೆಟ್ರೋಡೋಟಾಕ್ಸಿನ್ ಅನ್ನುವ ವಿಷ ಇರಬಹುದು, ಕುದಿಸಿದರೂ ಹೋಗದಂಥದು. ಅದು ಮೀನು ತಾನೇ ಮಾಡಿಕೊಂಡದ್ದಲ್ಲ, ಸೂಕ್ಷ್ಮಜೀವಿಗಳಿಂದ ಊಟದ ದಾರಿ ಹಿಡಿದು ಬಂದು ಸೇರುವಂಥದು. ಸಾಕಿದ ಮೀನನ್ನು ಯಾರೂ ತಿನ್ನುವುದಿಲ್ಲ, ಆದರೆ ಸತ್ತರೆ ಬೆಕ್ಕಿಗೆ ಎಸೆಯಬೇಡ, ಹೂಳು. ಬೇಸರ ಬಂತು ಅಂತ ಕಾಲುವೆಗೋ ಕೆರೆಗೋ ಬಿಡಬೇಡ. ಪಂಪೆಯ ಮೀನಿಗೆ ಕೃಷ್ಣೆಯಲ್ಲಿ ಕೆಲಸವಿಲ್ಲ.

ಬೇಸಿಗೆಯದೊಂದು ಹೇಳಿಬಿಡುತ್ತೇನೆ. ಈ ಮೀನಿಗೆ 24ರಿಂದ 28 ಡಿಗ್ರಿ ಹಿತ. ನಮ್ಮ ಮೇ ತಿಂಗಳು 42 ದಾಟುತ್ತದೆ. ಕಾದ ನೀರಲ್ಲಿ ಪ್ರಾಣವಾಯು ಕಡಿಮೆ, ಅದೇ ಹೊತ್ತಿಗೆ ಕರೆಂಟು ಹೋಗುತ್ತದೆ, ಗಾಳಿಯ ಪಂಪು ನಿಲ್ಲುತ್ತದೆ. ಬ್ಯಾಟರಿಯ ಪಂಪು ಒಂದು ಇಟ್ಟಿರು. ತೊಟ್ಟಿಯ ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರ ಮೇಲೆ ಸಣ್ಣ ಫ್ಯಾನು ಬೀಸಲು ಬಿಡು. ಮಣ್ಣಿನ ಕೊಡದ ನೀರು ತಣ್ಣಗಾಗುವ ಲೆಕ್ಕವೇ ಇದು, ನೀರು ಆರುತ್ತ ತಣಿಯುತ್ತದೆ. ಆರಿದಷ್ಟು ಮತ್ತೆ ತುಂಬು. ಐಸು ಎಸೆಯಬೇಡ. ಹೈದರಾಬಾದಿನಿಂದ ತರುವುದೂ ಶ್ರಾವಣ ಕಳೆದ ಮೇಲೆಯೇ ಆಗಲಿ, ಚೀಲವನ್ನು ಬಸ್ಸಿನ ಇಂಜಿನ್ನಿನ ಪಕ್ಕ ಇಡಬೇಡ. ಮನೆಗೆ ಬಂದು ಚೀಲವನ್ನು ಹಾಗೇ ತೊಟ್ಟಿಯಲ್ಲಿ ತೇಲಿಬಿಡು, ಅರ್ಧ ತಾಸಾದ ಮೇಲೆ ತೊಟ್ಟಿಯ ನೀರನ್ನು ಲೋಟ ಲೋಟ ಬೆರೆಸುತ್ತ ಹೋಗು.

ಹೈದರಾಬಾದಿನಿಂದ ಬಂದ ಮೇಲೆ ಒಂದು ಸಂಜೆ ನನ್ನ ಕಡೆ ಬಾ. ಬರುವಾಗ ಅಗಲ ಬಾಯಿಯ ಖಾಲಿ ಬಾಟಲಿ ತಾ, ಉಪ್ಪಿನಕಾಯಿಯದಾದರೆ ಎಣ್ಣೆ ಹೋಗುವತನಕ ತೊಳೆದು. ನನ್ನ ಕಿಡಕಿಯಲ್ಲಿ ಜಿಲೇಬಿ ಸುತ್ತಿನ ಹುಳಗಳ ಬಾಟಲಿ ಇಟ್ಟಿದ್ದೇನೆ. ನಿನ್ನೆ ಗಾಜಿಗೆ ಹೊಸ ತತ್ತಿ ಅಂಟಿವೆ. ನಿನಗೆ ಹತ್ತು ಹುಳ ಕೊಡುತ್ತೇನೆ, ಎಣಿಸಿ.